ನಿಂತ ಚೆಂಡಿನ ಕೋಚು

ನಮ್ಮ ಮನೆಯವರು ಹನ್ನೊಂದು ವರ್ಷ ವಿಲೆ ಪಾರ್ಲೆಯ ಒಂದು ಕಾಲೇಜಿನಲ್ಲಿ ಫುಟ್‌ಬಾಲ್ ಕೋಚ್ ಆಗಿದ್ದರು. ಪೂರ್ತಿ ಆಟಕ್ಕಲ್ಲ. ಚೆಂಡು ನಿಂತಾಗ ಮಾತ್ರ ಅವರ ಕೆಲಸ. ಆಟದ ನಡುವೆ ಯಾರಾದರೂ ಯಾರನ್ನಾದರೂ ಕೆಡವಿದರೆ ಸೀಟಿ ಊದುತ್ತಾರೆ, ಚೆಂಡನ್ನು ಅಲ್ಲೇ ಇಟ್ಟು ಒದೆಯುತ್ತಾರೆ. ಗೋಲು ಕಾಯುವ ಟೀಮಿನವರಿಗೆ ತಾಗಿ ಗೋಲಿನ ಪಕ್ಕದಿಂದ ಚೆಂಡು ಆಚೆ ಹೋದರೆ ಮೈದಾನದ ಮೂಲೆಯಲ್ಲಿಟ್ಟು ಒದೆಯುತ್ತಾರೆ, ಅದಕ್ಕೆ ಕಾರ್ನರ್ ಎನ್ನುತ್ತಾರೆ. ಇಂಥವನ್ನು ಕಲಿಸಲು ಅವರು. ಓಡುವ ಚೆಂಡಿಗೆ ಬೇರೆ ಕೋಚ್ ಇದ್ದರು. ಅವರು ದೊಡ್ಡವರು.

ಈ ಕೆಲಸ ಸಿಕ್ಕಾಗ ವಡಾಲದಲ್ಲಿದ್ದ ನನ್ನ ನಾದಿನಿ ನಕ್ಕದ್ದೇ ನಕ್ಕದ್ದು.

"ಅಲ್ಲ ವೈನಿ, ನಿಂತ ಚೆಂಡ ಒದೆಯೂದು ಕಲಸಾಕ ಒಬ್ಬಾಂವ ಬೇಕೇನ? ನಮ್ಮ ಊರಾಗಿನ ಎಮ್ಮಿನೂ ಒದೀತೈತಿ."

"ಎಮ್ಮಿ ಒದ್ದಿದ್ದು ಎಲ್ಲಿ ಹೋಗಿ ಬೀಳ್ತೈತಿ ಅಂತ ಎಮ್ಮಿಗೆ ಗೊತ್ತಿರೂದಿಲ್ಲ. ನಿಮ್ಮ ಅಣ್ಣಗ ಗೊತ್ತಿರ್ತೈತಿ" ಎಂದೆ ನಾನು.

ಅದು ನಿಜವೂ ಆಗಿತ್ತು. ನಾವು ಗದಗಿನ ಕಡೆಯವರು. ಅವರು ಬಂದರಿನಲ್ಲಿ ಚೀಲ ಹೊರುತ್ತಿದ್ದರು. ವಡಾಲದ ಚಾಳಿನಲ್ಲಿ ನಮ್ಮದೊಂದು ಖೋಲಿ. ರವಿವಾರ ಬಂದರೆ ಹಮಾಲರೆಲ್ಲ ಸೇರಿ ಬರಿಗಾಲಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಓಡುವುದರಲ್ಲಿ ನಮ್ಮವರು ಅಷ್ಟಕ್ಕಷ್ಟೆ. ಚೆಂಡು ಇಟ್ಟು ಒದೆಯುವುದಿದ್ದರೆ ಮಾತ್ರ ಎಲ್ಲರೂ ಅವರನ್ನೇ ಕರೆಯುತ್ತಿದ್ದರು.

ಮುಷ್ಕರದಿಂದ ಬಟ್ಟೆ ಗಿರಣಿಗಳು ನಿಂತ ವರ್ಷ ದೊಡ್ಡ ಕೋಚ್ ಸಾಹೇಬರು ಬೇರೆ ಯಾರದೋ ಆಟ ನೋಡಲು ಅಲ್ಲಿಗೆ ಬಂದಿದ್ದರು. ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಮನೆ ಬೈಕುಲ್ಲಾದಲ್ಲಿ. ನಮ್ಮವರ ಒದೆತ ನೋಡಿ, ಗೋಲಿನ ಮೇಲಿನ ಮೂಲೆಗೆ ಒಂದು ಗೋಣಿಚೀಲ ಕಟ್ಟಿಸಿ, "ಹೊಡೀರಿ ನೋಡುವ" ಎಂದರು. ಇವರು ಮೂರು ಸಲ ಹೊಡೆದರು. ಮೂರು ಸಲವೂ ಚೀಲ ಅಲ್ಲಾಡಿತು.

"ನೀವು ನಮ್ಮ ಕಾಲೇಜಿಗೆ ಬನ್ನಿ ಮಾರಾಯ್ರೆ. ಹುಡುಗರಿಗೆ ಇದೊಂದು ಕಲಿಸಿದ್ರೆ ಸಾಕು."

"ಕಾಲೇಜಂದ್ರ ಹೆಂಗ್ರಿ. ನನಗ ಓದಾಕ ಬರೂದಿಲ್ಲ."

"ಚೆಂಡಿಗೂ ಬರುವುದಿಲ್ಲ" ಎಂದರು ಸಾಹೇಬರು.

ಹಾಗೆ ನಾವು ಪಾರ್ಲೆಗೆ ಬಂದೆವು. ಮೈದಾನದ ಹಿಂದೆ ಸಾಮಾನು ಇಡುವ ಕಟ್ಟಡವಿತ್ತು, ಅದಕ್ಕೆ ತಗುಲಿದ ಒಂದು ಖೋಲಿ ಕೊಟ್ಟರು. ತಲೆಯ ಮೇಲೆ ವಿಮಾನ ಹೋದಾಗ ಪಾತ್ರೆಗಳು ಗದಗದ ಎನ್ನುತ್ತಿದ್ದವು. ಆದರೆ ನಲ್ಲಿ ನಮ್ಮದೇ, ಸಾಲು ಹಚ್ಚಬೇಕಿರಲಿಲ್ಲ. ಚಾಳಿನಲ್ಲಿ ನೀರಿಗೆ ಜಗಳಾಡಿದವರಿಗೆ ಆ ನಲ್ಲಿಯ ಬೆಲೆ ಗೊತ್ತು. ಹುಡುಗರ ಜರ್ಸಿ ಒಗೆಯುವುದು ಮತ್ತು ಮೈದಾನದ ಗೆರೆಗೆ ಸುಣ್ಣದ ಪುಡಿ ಹಾಕುವುದು ನನ್ನ ಕೆಲಸ. ಹುಡುಗರು ಅವರನ್ನು ಕಾಕಾ ಎನ್ನುತ್ತಿದ್ದರು, ನನ್ನನ್ನು ಮಾವಶಿ.

ಅವರು ಕಲಿಸುವ ರೀತಿ ಹೀಗೆ. ಗೋಲಿನ ಮುಂದೆ ಸುಣ್ಣದಲ್ಲಿ ಎಳೆದ ಒಂದು ದೊಡ್ಡ ಚೌಕ ಇರುತ್ತದೆ, ಹುಡುಗರು ಬಾಕ್ಸ್ ಎನ್ನುತ್ತಾರೆ. ಕಾರ್ನರ್ ಸಿಕ್ಕಾಗ ಟೀಮಿನ ಎಲ್ಲರಿಗಿಂತ ಉದ್ದದ ಹುಡುಗ ಆ ಚೌಕದ ಮುಂದಿನ ಗೆರೆಯ ಮೇಲೆ ಸರಿಯಾಗಿ ಕಾಲಿಟ್ಟು ನಿಲ್ಲಬೇಕು. ಮೂಲೆಯಲ್ಲಿ ಒದೆಯುವವನು ಕೈ ಎತ್ತುತ್ತಾನೆ. ಕೈ ಇಳಿದ ಕೂಡಲೇ ಉದ್ದನೆಯವನು ಓಡಬೇಕು. ಆರು ಹೆಜ್ಜೆ. ಏಳಲ್ಲ. ಆರನೆಯದಕ್ಕೆ ಜಿಗಿದರೆ ಚೆಂಡು ತಾನಾಗಿ ಹಣೆಗೆ ಬರುತ್ತದೆ. "ಕಣ್ಣಳತಿ ನಂಬಬ್ಯಾಡ್ರಿ, ಸುಣ್ಣ ನಂಬ್ರಿ" ಎಂಬುದನ್ನೇ ತಮ್ಮ ಅರ್ಧಂಬರ್ಧ ಹಿಂದಿಗೆ ತಿರುಗಿಸಿ ದಿನಾ ಹೇಳುತ್ತಿದ್ದರು. ಮೊದಲ ಮೂರು ವರ್ಷ ಇದೇ ರೀತಿಯಲ್ಲಿ ಬೇಕಾದಷ್ಟು ಗೋಲು ಬಂದವು. ಬೇರೆ ಕಾಲೇಜಿನವರು ನಮ್ಮ ಕಾರ್ನರ್ ಎಂದರೆ ಹೆದರುತ್ತಿದ್ದರು.

ನಾಲ್ಕನೆಯ ವರ್ಷ ಎಲ್ಲ ಕೆಟ್ಟಿತು. ಕೆಡಿಸಿದವಳು ನಾನು.

ಪ್ರತಿ ವರ್ಷ ಮಳೆಗೆ ಮೈದಾನದ ಗೆರೆ ಅಳಿಸಿ ಹೋಗುತ್ತದೆ. ಮಳೆ ಮುಗಿದ ಮೇಲೆ ಹಗ್ಗ ಹಿಡಿದು ಅಳೆದು ಹೊಸದಾಗಿ ಎಳೆಯಬೇಕು. ಆ ವರ್ಷ ಹಳೆಯ ಹಗ್ಗವನ್ನು ಇಲಿ ತಿಂದಿತ್ತು. ನಮ್ಮವರು ಬೈಕುಲ್ಲಾದ ಬಾಜಾರಿನಿಂದ ಹೊಸ ಹತ್ತಿ ಹಗ್ಗ ತಂದರು. ಕಾಲೇಜಿನಿಂದ ಅಳತೆಯ ಟೇಪ್ ಇಸಿದುಕೊಂಡು ಬಂದು, ಬಾಕ್ಸಿಗೆ ಇಷ್ಟು, ಗೋಲಿಗೆ ಇಷ್ಟು ಎಂದು ಹಗ್ಗಕ್ಕೆ ಅಲ್ಲಲ್ಲಿ ಕೆಂಪು ನೂಲು ಕಟ್ಟಿ, ಟೇಪ್ ವಾಪಸ್ ಕೊಟ್ಟರು.

ಮರುದಿನ ಖಂಡೇ ಪೂಜೆ. ದಸರೆಯಲ್ಲಿ ಮನೆಯ ಹತಾರಗಳನ್ನೆಲ್ಲ ತೊಳೆದು ಪೂಜೆಗೆ ಇಡುವುದು ನಮ್ಮ ಕಡೆ ಬಿಡದೆ ನಡೆಸುವ ಪದ್ಧತಿ. ನಮ್ಮ ಮನೆಯ ಹತಾರ ಎಂದರೆ ಚೆಂಡು, ಗಾಳಿ ಹೊಡೆಯುವ ಪಂಪು, ಸೀಟಿ, ಬೂಟು, ಈ ಹಗ್ಗ. ಎಲ್ಲ ತೊಳೆದೆ. ಹೊಸ ಹಗ್ಗ ಗಂಜಿ ಹಿಡಿದು ಬಿರುಸಾಗಿತ್ತು, ಅಂಗಡಿಯ ಎಣ್ಣೆ ವಾಸನೆ ಬೇರೆ. ದೇವರ ಮುಂದೆ ಇಡುವ ವಸ್ತು ಹಾಗಿರಬಾರದೆಂದು ಜರ್ಸಿ ಕುದಿಸುವ ಹಂಡೆಗೆ ಹಾಕಿ, ಸೋಡಾ ಹಾಕಿ, ಚೆನ್ನಾಗಿ ಕುದಿಸಿದೆ. ಬಿಸಿಲಿಗೆ ಒಣಗಿಸಿ, ಸುತ್ತಿ, ಕುಂಕುಮ ಹಚ್ಚಿ ಇಟ್ಟೆ. ಮಲ್ಲಿಗೆಯಂತೆ ಬೆಳ್ಳಗಾಗಿತ್ತು. ಅವರೂ ನೋಡಿ, "ಚಲೋ ಮಾಡಿದಿ" ಎಂದರು.

ಆ ಹಗ್ಗ ಹಿಡಿದು ಇಬ್ಬರೂ ಸೇರಿ ಮೈದಾನ ಎಳೆದೆವು.

ದೀಪಾವಳಿ ಆದ ಮೇಲೆ ಮ್ಯಾಚುಗಳು ಶುರುವಾದವು. ಎಲ್ಲ ಬೇರೆಯವರ ಮೈದಾನದಲ್ಲಿ. ಮೊದಲ ಮ್ಯಾಚಿನಲ್ಲಿ ನಾಲ್ಕು ಕಾರ್ನರ್ ಸಿಕ್ಕವು. ನಾಲ್ಕಕ್ಕೂ ಉದ್ದನೆಯ ಹುಡುಗ ತಡ. ಅವನು ಜಿಗಿಯುವಷ್ಟರಲ್ಲಿ ಚೆಂಡು ಮೂಗಿನ ಮುಂದೆ ದಾಟಿ ಹೋಗಿರುತ್ತಿತ್ತು. ನಮ್ಮವರು ಎಲ್ಲರ ಎದುರು, ನಿದ್ದೆ ಹೊಡೆಯುತ್ತಿದ್ದೆಯಾ ಎಂದು ಕೂಗಿದರು.

"ಅರೇ, ಸೋ ರಹಾ ಥಾ ಕ್ಯಾ ತೂ?"

"ನಹೀ ಕಾಕಾ. ಛೇ ಕದಮ್ ಭಾಗಾ ಮೈ. ಗಿನ್‌ಕೇ."

ಆರು ಹೆಜ್ಜೆ ಎಣಿಸಿಯೇ ಓಡಿದೆ ಎಂದು ಅವನು. ಸುಳ್ಳು ಎಂದು ಇವರು. ಮರುದಿನ ನಮ್ಮ ಮೈದಾನದಲ್ಲಿ ಮಾಡಿಸಿ ನೋಡಿದರೆ ಹತ್ತಕ್ಕೆ ಹತ್ತೂ ಸರಿ. ಮುಂದಿನ ಮ್ಯಾಚಿಗೆ ಹೋದರೆ ಮತ್ತೆ ತಡ. ದೊಡ್ಡ ಕೋಚ್ ಸಾಹೇಬರು ತಲೆ ತುರಿಸಿಕೊಂಡರು. "ಎಂಥದು ಮಾರಾಯ್ರೆ ಇದು, ಇಲ್ಲಿ ಹುಲಿ, ಅಲ್ಲಿ ಹೋದ್ರೆ ಬೆಕ್ಕು?"

ನಮ್ಮವರು ಹುಡುಗನ ಬೆನ್ನು ಹತ್ತಿದರು. ವಡಾಪಾವ್ ತಿಂದು ದಪ್ಪಗಾಗಿದ್ದಾನೆ ಎಂದರು. ಸಿನಿಮಾ ನೋಡುತ್ತಾನೆ ಎಂದರು. ಮೈದಾನಕ್ಕೆ ಹತ್ತು ಸುತ್ತು, ಹದಿನೈದು ಸುತ್ತು ಓಡಿಸಿದರು. ಅವನಿಗೂ ತನ್ನ ಕಾಲಿಗೇ ಏನೋ ಆಗಿದೆ ಎನಿಸಿಬಿಟ್ಟಿತು. ಯಾರೂ ಹೇಳದೆ ಬೆಳಿಗ್ಗೆ ಬೇಗ ಬಂದು ಒಬ್ಬನೇ ಓಡತೊಡಗಿದ. ಒಂದು ದಿನ ನಮ್ಮ ನಲ್ಲಿಯ ಹತ್ತಿರ ಕೂತು ವಾಂತಿ ಮಾಡಿಕೊಂಡ. ನೀರು ಕೊಟ್ಟೆ. "ಮಾವಶಿ, ಕಾಕಾನಾ ಸಾಂಗೂ ನಕಾ" ಎಂದ, ಕಾಕಾಗೆ ಹೇಳಬೇಡ ಎಂದು.

ಐದು ಮ್ಯಾಚ್ ಆದ ಮೇಲೆ ಪ್ರೊಫೆಸರ್ ಸಾಹೇಬರು ಮೈದಾನಕ್ಕೆ ಬಂದರು. ಮೈಸೂರು ಕಡೆಯವರು, ಗಣಿತ ಕಲಿಸುತ್ತಿದ್ದರು. ಆಟದ ಕಮಿಟಿ ಅವರ ಕೈಯಲ್ಲಿತ್ತು. ನಮ್ಮವರ ಕೆಲಸ ವರ್ಷ ವರ್ಷಕ್ಕೆ ಅವರು ಸಹಿ ಮಾಡಿದ ಕಾಗದದ ಮೇಲೆ ನಡೆಯುತ್ತಿತ್ತು. ದನಿ ಏರಿಸಿ ಮಾತಾಡುವವರಲ್ಲ.

"ನೋಡಿ, ನಾನು ಆಟ ಆಡಿದೋನಲ್ಲ. ಲೆಕ್ಕ ಮಾತ್ರ ಬರುತ್ತೆ. ಐದು ಮ್ಯಾಚಲ್ಲಿ ಕಾರ್ನರಿಂದ ಒಂದು ಗೋಲೂ ಇಲ್ಲ. ಇದಕ್ಕೇ ಅಂತ ಒಬ್ಬರನ್ನ ಇಟ್ಕೊಂಡಿದೀವಿ ಅಂತ ಕಮಿಟೀಲಿ ಹೇಗೆ ಹೇಳಲಿ? ಇನ್ನೆರಡು ಮ್ಯಾಚ್ ಇದೆಯಲ್ಲ, ನೋಡ್ತೀನಿ. ಸರಿ ಹೋಗ್ಲಿಲ್ಲ ಅಂದ್ರೆ ಹೊಸ ಕಾಗದ ಕೊಡೋಕಾಗಲ್ಲ. ರೂಮು ಬಿಟ್ಟುಕೊಡಬೇಕಾಗುತ್ತೆ."

ನಮ್ಮವರು "ಹೌದ್ರಿ" ಎಂದರು, ಅಷ್ಟೆ. ಆ ದಿನ ಊಟಕ್ಕೆ ಕೂತಾಗ ಖಾರದ ಚಟ್ನಿ ಕೇಳಲಿಲ್ಲ. ಚಟ್ನಿ ಇಲ್ಲದೆ ರೊಟ್ಟಿ ತಿಂದವರಲ್ಲ ಅವರು. ಬಂದರಿನ ಕೆಲಸ ಬಿಟ್ಟು ಬಂದಾಗಿತ್ತು, ಚಾಳಿನ ಖೋಲಿಗೆ ಬೇರೆಯವರು ಬಂದಾಗಿತ್ತು. 

ಆರನೆಯ ಮ್ಯಾಚಿಗೆ ನಾನೂ ಹೋಗಿದ್ದೆ, ನಿಂಬೆ ಶರಬತ್ತಿನ ಬಕೆಟ್ಟು ಹಿಡಿದುಕೊಂಡು. ಅರ್ಧ ಆಟ ಮುಗಿದಾಗ ಗೋಲಿನ ಹತ್ತಿರ ನಿಂತಿದ್ದ ನಮ್ಮ ಹುಡುಗನಿಗೆ ಶರಬತ್ತು ಕೊಟ್ಟು, ಬಾಕ್ಸಿನ ಪಕ್ಕದ ಗೆರೆ ಹಿಡಿದು ವಾಪಸ್ ನಡೆದೆ. ನಾನು ಎರಡನೆಯ ಇಯತ್ತೆ ಓದಿದವಳು. ಬರೆದಿಟ್ಟುಕೊಳ್ಳುವ ರೂಢಿ ಇಲ್ಲ, ಎಣಿಸುವ ರೂಢಿ ಇದೆ. ಮೆಟ್ಟಿಲು ಹತ್ತಿದರೂ ಎಣಿಸುತ್ತೇನೆ. ಮೊದಲಿನ ವರ್ಷಗಳಲ್ಲಿ ಬಾಕ್ಸಿಗೆ ಅವರೇ ಸುಣ್ಣ ಹಾಕುತ್ತಿದ್ದರು, ಆ ವರ್ಷ ಅದೂ ನನ್ನ ಪಾಲಿಗೆ ಬಂದಿತ್ತು. ನಮ್ಮ ಮೈದಾನದಲ್ಲಿ ಆ ಗೆರೆ ಮೂವತ್ತೊಂದು ಹೆಜ್ಜೆ. ವಾರಕ್ಕೊಮ್ಮೆ ಬಗ್ಗಿ ಸುಣ್ಣ ಹಾಕುವವಳಿಗೆ ಅದು ಬಾಯಿಪಾಠ. ಅಲ್ಲಿ ಮೂವತ್ತೊಂದು ಹೆಜ್ಜೆ ನಡೆದರೂ ಗೆರೆ ಮುಗಿಯಲಿಲ್ಲ. ಮೂವತ್ತಮೂರಕ್ಕೆ ಮುಗಿಯಿತು.

ಬಕೆಟ್ಟಿನ ಭಾರಕ್ಕೆ ಹೆಜ್ಜೆ ಸಣ್ಣದಾಗಿರಬೇಕೆಂದು ಬಕೆಟ್ಟು ಇಟ್ಟು ಮತ್ತೊಮ್ಮೆ ನಡೆದೆ. ಮೂವತ್ತಮೂರೇ. ಆ ಕಾಲೇಜಿನ ಮಾಲಿ ನನ್ನನ್ನೇ ನೋಡುತ್ತಿದ್ದ.

"ಕಾಯ್ ಹರವಲಂ, ಮಾವಶಿ?" ಎಂದ, ಏನು ಕಳೆದುಕೊಂಡೆ ಎಂದು.

"ದೋನ್ ಪಾವಲಂ" ಎಂದೆ. ಎರಡು ಹೆಜ್ಜೆ.

ಅವನು ನಕ್ಕ. ನನಗೆ ನಗು ಬರಲಿಲ್ಲ. ಉದ್ದನೆಯ ಹುಡುಗ ಆ ದಿನವೂ ತಡವಾಗಿ ಜಿಗಿದ, ಬೈಸಿಕೊಂಡ. ಲೋಕಲ್ ರೈಲಿನಲ್ಲಿ ವಾಪಸ್ ಬರುವಾಗ ಜನರ ನಡುವೆ ಒತ್ತಿಕೊಂಡು ನಿಂತು ಯೋಚಿಸಿದೆ. ಅವರ ಗೆರೆ ಉದ್ದವೋ, ನಮ್ಮದು ಗಿಡ್ಡವೋ? ಆಮೇಲೆ ಹಂಡೆ ನೆನಪಾಯಿತು. ನೀರು ಕಾಣದ ಕೋರಾ ಬಟ್ಟೆಯನ್ನು ಒಂದು ಸಲ ನೀರಿಗೆ ಹಾಕಿ ಕುಗ್ಗಿಸದೆ ಕತ್ತರಿ ಹಾಕಬಾರದೆಂದು ಡೊಂಬಿವಲಿಗೆ ಮದುವೆ ಮಾಡಿಕೊಟ್ಟ ನನ್ನ ಮಗಳಿಗೆ ನಾನೇ ಹೇಳಿಕೊಟ್ಟಿದ್ದೆ. ಹತ್ತಿ ಬಟ್ಟೆಗೊಂದು ನ್ಯಾಯ, ಹತ್ತಿ ಹಗ್ಗಕ್ಕೊಂದು ನ್ಯಾಯವೇ? ಅಳತೆಯ ನೂಲು ಕಟ್ಟಿದ ಮೇಲೆ ಕುದಿಸಿದ್ದೆ. ಹಗ್ಗ ಕುಗ್ಗಿತ್ತು, ಅದರ ಜೊತೆ ನಮ್ಮ ಬಾಕ್ಸೂ ಕುಗ್ಗಿತ್ತು. ಹುಡುಗ ನಮ್ಮಲ್ಲಿ ಗೋಲಿಗೆ ಹತ್ತಿರದ ಗೆರೆಯಿಂದ ಆರು ಹೆಜ್ಜೆ ಕಲಿತಿದ್ದ. ಅಲ್ಲಿಯ ಗೆರೆ ಸರಿಯಾಗಿತ್ತು, ಹಾಗಾಗಿ ದೂರ ಇತ್ತು, ಆರು ಹೆಜ್ಜೆ ಚೆಂಡಿನವರೆಗೆ ಮುಟ್ಟುತ್ತಿರಲಿಲ್ಲ.

ಎರಡು ದಿನ ಬಾಯಿ ಬಿಡಲಿಲ್ಲ. ಹೊಡೆಯುತ್ತಾರೆ ಎಂದಲ್ಲ, ಅವರು ಕೈ ಎತ್ತಿದವರಲ್ಲ. ಹೆಂಡತಿ ಹಗ್ಗ ಕುದಿಸಿದಳು, ಗಂಡ ಕಣ್ಣುಮುಚ್ಚಿ ಅಳೆದ ಎಂದು ಕಾಲೇಜು ತುಂಬ ನಗುತ್ತಾರೆ, ಪ್ರೊಫೆಸರ್ ಸಾಹೇಬರಿಗೆ ಕಾಗದ ಕೊಡದಿರಲು ಕಾರಣವನ್ನು ನಾನೇ ಕೈಗೆ ಕೊಟ್ಟಂತಾಗುತ್ತದೆ ಎಂಬ ಹೆದರಿಕೆ. ಮೂರನೆಯ ಬೆಳಿಗ್ಗೆ ನೀರು ಹಿಡಿಯಲು ಹೊರಗೆ ಬಂದರೆ ಆ ಹುಡುಗ ಆಗಲೇ ಓಡುತ್ತಿದ್ದ. ಅಂಗಿ ಪೂರಾ ಒದ್ದೆ. ನಾನು ಒಳಗೆ ಹೋದೆ. ಇವರು ರೊಟ್ಟಿ ತಿನ್ನುತ್ತಿದ್ದರು.

"ಹಗ್ಗ ಕುದಿಸೇನಿ" ಎಂದೆ.

"ಯಾವ ಹಗ್ಗ?"

"ಅಳತಿ ಹಗ್ಗ. ಖಂಡೇ ಪೂಜಿ ಮುಂದ. ಸೋಡಾ ಹಾಕಿ ಕುದಿಸೇನಿ."

"ಆತು, ಸ್ವಚ್ಛ ಆತಲ್ಲ."

"ಸ್ವಚ್ಛನೂ ಆತು, ಸಣ್ಣದೂ ಆತು."

ಅವರು ತುತ್ತು ಅರ್ಧಕ್ಕೆ ಬಿಟ್ಟು ಎದ್ದರು. ಹಗ್ಗ ತೆಗೆದುಕೊಂಡು ಗೋಲಿನ ಹತ್ತಿರ ಹೋದರು. ಗೋಲಿನ ಕಂಬಗಳು ನೆಲದಲ್ಲಿ ಹೂತವು, ಅವು ಕುಗ್ಗುವುದಿಲ್ಲ. ಹಗ್ಗದ ತುದಿಯನ್ನು ನಾನು ಒಂದು ಕಂಬಕ್ಕೆ ಒತ್ತಿ ಹಿಡಿದೆ, ಅವರು ಇನ್ನೊಂದು ಕಂಬದವರೆಗೆ ಎಳೆದರು. ಗೋಲಿನ ಅಳತೆಗೆಂದು ಕಟ್ಟಿದ್ದ ಕೆಂಪು ನೂಲು ಕಂಬಕ್ಕಿಂತ ಎರಡು ಗೇಣು ಈಚೆಗೇ ನಿಂತಿತು.

ಅವರು ಅಲ್ಲೇ ಕೂತರು.

"ಆ ಹುಡುಗನ್ನ ಸಾಯಿಸಿಬಿಟ್ಟೆನಲ್ಲ" ಎಂದರು. ಕೆಂಪು ನೂಲಿನ ಗಂಟು ಮುಟ್ಟಿ ನೋಡುತ್ತ, "ಯಾರಿಗೂ ಹೇಳೂದು ಬ್ಯಾಡ. ಸುಮ್ಮನ ಗೆರಿ ಅಳಿಸಿ ಹೊಸದಾಗಿ ಎಳದ ಬಿಡೂಣು. ಇನ್ನೊಂದು ಮ್ಯಾಚ್ ಐತಿ."

"ಗೆರಿ ಅಳಸ್ತೀರಿ. ಅಂವ ತನ್ನ ಕಾಲ ಸರಿ ಇಲ್ಲಂತ ತಿಳಕೊಂಡಾನಲ್ಲ, ಅದನ್ನ ಹೆಂಗ ಅಳಸ್ತೀರಿ?"

"ಹೇಳಿದ್ರ ಕೆಲಸ ಹೊಕ್ಕೈತಿ."

"ಹೋದ್ರ ನನ್ನಿಂದ ಹೊಕ್ಕೈತಿ. ಹೋಗ್ಲಿ."

ಅವರು ಹಗ್ಗ ಸುತ್ತಿಕೊಂಡು ಎದ್ದರು. ಆ ದಿನ ಪ್ರಾಕ್ಟೀಸಿಗೆ ಹುಡುಗರೆಲ್ಲ ಬಂದ ಮೇಲೆ ಅವರನ್ನು ಕೂರಿಸಿ, ತಾವು ನಿಂತುಕೊಂಡು ಮಾತಾಡಿದರು. ಬಾಳಿನಲ್ಲಿ ಯಾರ ಹತ್ತಿರವೂ ತಪ್ಪಾಯಿತು ಎಂದು ಹೇಳಿದವರಲ್ಲ, ನನ್ನ ಹತ್ತಿರವಂತೂ ಇಲ್ಲವೇ ಇಲ್ಲ.

"ಗಲತೀ ಮೇರೀ. ರಸ್ಸೀ ಛೋಟೀ ಹೋ ಗಯೀ. ಲೈನ್ ಗಲತ್."

ತಪ್ಪು ನನ್ನದು, ಹಗ್ಗ ಗಿಡ್ಡಾಯಿತು, ಗೆರೆಯೇ ತಪ್ಪು ಎಂದು. ನನ್ನ ಹೆಸರು ಎತ್ತಲೇ ಇಲ್ಲ. ನಾನು ಬಕೆಟ್ಟು ಇಟ್ಟು ಮುಂದೆ ಬಂದೆ. "ರಸ್ಸೀ ಮೈನೇ ಉಬಾಲೀ" ಎಂದೆ. ಹಗ್ಗ ಕುದಿಸಿದವಳು ನಾನೆಂದು. ಹುಡುಗರು ಮೊದಲು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಉದ್ದನೆಯವನು ನಗಲಿಲ್ಲ.

"ಕಾಕಾ, ಮತ್ಲಬ್ ಮೈ ಠೀಕ್ ಹೂಂ?"

"ತೂ ಠೀಕ್ ಹೈ. ಮೈ ಠೀಕ್ ನಹೀ ಥಾ."

ಅಂದರೆ ನಾನು ಸರಿ ಇದ್ದೇನಾ ಎಂದು ಅವನು, ನೀನು ಸರಿ, ನಾನೇ ಸರಿ ಇರಲಿಲ್ಲ ಎಂದು ಇವರು. ಅವನು ಹುಲ್ಲಿನ ಮೇಲೆ ಅಂಗಾತ ಮಲಗಿಬಿಟ್ಟ. ಮಲಗಿಕೊಂಡೇ ನನಗೆ ಹೇಳಿದ, "ಮಾವಶಿ, ಮೇರೀ ಜರ್ಸೀ ಮತ್ ಉಬಾಲ್‌ನಾ." ನನ್ನ ಜರ್ಸಿ ಮಾತ್ರ ಕುದಿಸಬೇಡ. ಬೈದಿದ್ದರೂ ಕೇಳಿಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಅವನ ತಾಯಿ ಚೆನ್ನಾಗಿ ಬೆಳೆಸಿದ್ದಳು.

ಮಧ್ಯಾಹ್ನ ನಾವಿಬ್ಬರೂ ಹಗ್ಗ ತೆಗೆದುಕೊಂಡು ಪ್ರೊಫೆಸರ್ ಸಾಹೇಬರ ಹತ್ತಿರ ಹೋದೆವು. ದೊಡ್ಡ ಕೋಚ್ ಸಾಹೇಬರೂ ಕರೆಯದೆ ಹಿಂದೆ ಬಂದರು. ಪ್ರೊಫೆಸರರು ಮೇಜಿನ ಮೇಲೆ ಟೇಪ್ ಹಾಸಿ, ಒಂದು ನೂಲಿನಿಂದ ಇನ್ನೊಂದು ನೂಲಿನವರೆಗೆ ಅಳೆದು ಅಳೆದು ಕಾಗದದಲ್ಲಿ ಏನೋ ಬರೆದುಕೊಂಡರು. ಕನ್ನಡಕ ತೆಗೆದರು.

"ಇದನ್ನ ನೀವು ನನಗೆ ಹೇಳದೇ ಇದ್ದಿದ್ರೂ ನಡೀತಿತ್ತು."

"ಹೌದ್ರಿ."

"ಮತ್ತೆ ಯಾಕೆ ಹೇಳಿದ್ರಿ?"

"ಹುಡುಗನ್ನ ಬೈದಿದ್ದು ಎಲ್ಲಾರ ಮುಂದ್ರಿ. ತಪ್ಪ ಒಪ್ಪೂದು ಕದ್ದ ಒಪ್ಪಾಕ ಬರೂದಿಲ್ರಿ."

"ಇವ್ರು ಹಗ್ಗ ಕುದಿಸಿದ್ದು ದೇವರಿಗೆ ಇಡ್ಲಿಕ್ಕೆ ಸರ್" ಎಂದು ಕೋಚ್ ಸಾಹೇಬರು ನಡುವೆ ಬಾಯಿ ಹಾಕಿದರು. "ನಮ್ಮ ಇಗರ್ಜಿಯಲ್ಲಾದ್ರೆ ನೀರು ಚಿಮುಕಿಸಿ ಬಿಡ್ತಿದ್ರು. ಇಷ್ಟು ಕುಗ್ತಿರ್ಲಿಲ್ಲ."

ಪ್ರೊಫೆಸರರು ನಕ್ಕಿದ್ದನ್ನು ಆ ದಿನವೇ ನಾನು ಮೊದಲು ನೋಡಿದ್ದು. ಆದರೆ ಮಾತು ಬದಲಿಸಲಿಲ್ಲ. "ಕೊನೇ ಮ್ಯಾಚ್ ನೋಡ್ತೀನಿ ಅಂದಿದ್ದೆ, ನೋಡ್ತೀನಿ. ಈ ಟೇಪ್ ತಗೊಂಡು ಹೋಗಿ. ಕುದಿಸಬೇಡಿ."

ನಾಲ್ಕು ದಿನ ಇತ್ತು. ಗೆರೆ ಅಳಿಸಿ ಟೇಪಿನಿಂದ ಅಳೆದು ಹೊಸದಾಗಿ ಎಳೆದೆವು. ಹುಡುಗ ಆರು ಹೆಜ್ಜೆಯನ್ನು ಮತ್ತೆ ಮೊದಲಿನಿಂದ ಕಲಿತ. ಕಾಲು ಉದ್ದ ಹಾಕಬೇಕಿತ್ತು. ಕೈ ಇಳಿಯುವುದು, ಓಡುವುದು, ಜಿಗಿಯುವುದು, ಬೆಳಿಗ್ಗೆ ಸಂಜೆ ಅದೊಂದೇ.

ಕೊನೆಯ ಮ್ಯಾಚಿಗೆ ಪ್ರೊಫೆಸರ್ ಸಾಹೇಬರು ಛತ್ರಿ ಹಿಡಿದುಕೊಂಡು ಬಂದು ಗೋಲಿನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡರು. ಮೊದಲ ಕಾರ್ನರ್‌ಗೆ ಹುಡುಗ ಗಡಿಬಿಡಿ ಮಾಡಿ ಕೈ ಇಳಿಯುವ ಮೊದಲೇ ಓಡಿದ. ಎರಡನೆಯದನ್ನು ಒದೆಯುವವನೇ ಕೆಡಿಸಿದ. ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ಮೂರನೆಯದು ಸಿಕ್ಕಿತು. ನಾವು ಒಂದು ಗೋಲು ಹಿಂದಿದ್ದೆವು. ನಮ್ಮವರು ಬೆನ್ನು ತಿರುಗಿಸಿ ನಿಂತರು. ನಾನು ನೋಡಿದೆ. ಕೈ ಇಳಿಯಿತು. ನಾನೂ ಎಣಿಸಿದೆ. ಆರನೆಯದಕ್ಕೆ ಜಿಗಿದ. ಚೆಂಡು ಸರಿಯಾಗಿ ಹಣೆಗೆ ಬಂತು, ಹಣೆಯಿಂದ ಹೋಗಿ ಗೋಲಿನ ಮೇಲಿನ ಅಡ್ಡ ಕಂಬಕ್ಕೆ ಬಡಿದು, ಮೇಲೆ ಹಾರಿ ಆಚೆ ಬಿತ್ತು.

ನಾವು ಸೋತೆವು. ಪ್ರೊಫೆಸರರು ಛತ್ರಿ ಮಡಚಿಕೊಂಡು ಎದ್ದರು. ನಾನು ಮನಸ್ಸಿನಲ್ಲೇ ಪಾತ್ರೆ ಕಟ್ಟತೊಡಗಿದ್ದೆ, ಯಾವುದು ಯಾವ ಚೀಲಕ್ಕೆ ಎಂದು. ಅವರು ನೆಟ್ಟಗೆ ನಮ್ಮವರ ಹತ್ತಿರ ಬಂದರು.

"ನಾನು ಚೆಂಡು ನೋಡ್ತಿರಲಿಲ್ಲ, ಹುಡುಗನ ಕಾಲು ನೋಡ್ತಿದ್ದೆ. ಆರಕ್ಕೆ ಸರಿಯಾಗಿ ಬಂದ. ಲೆಕ್ಕ ಸರಿ ಇದೆ, ಉತ್ತರ ತಪ್ಪು ಬಂದಿದೆ. ಇಂಥದ್ದಕ್ಕೆ ನಾನು ಪರೀಕ್ಷೇಲಿ ಮಾರ್ಕ್ಸ್ ಕೊಡ್ತೀನಿ. ಸೋಮವಾರ ಬಂದು ಕಾಗದ ತಗೊಂಡು ಹೋಗಿ."

ನಮ್ಮವರು "ಹೌದ್ರಿ" ಎಂದರು, ಅದೊಂದೇ ಬರುತ್ತಿತ್ತು.

ಆಮೇಲೆ ಏಳು ವರ್ಷ ಆ ಕಾಗದ ತಪ್ಪದೆ ಬಂತು. ಮರುವರ್ಷ ಕಾರ್ನರ್‌ನಿಂದ ಗೋಲುಗಳೂ ಬಂದವು, ಕಪ್ಪೂ ಬಂತು. ಅದೆಲ್ಲ ಹೇಳುತ್ತ ಕೂತರೆ ಜಂಬವಾಗುತ್ತದೆ. ನಾನು ದೇವರಿಗೆ ಕೈ ಮುಗಿಯುವಾಗ ಮೂರು ಜನರನ್ನು ನೆನೆಯುತ್ತೇನೆ. ಓದು ಬರದವರನ್ನು ಕಾಲೇಜಿಗೆ ಕರೆದ ಬೈಕುಲ್ಲಾದ ಸಾಹೇಬರು, ಸೋತ ಆಟದಲ್ಲಿ ಕಾಲು ನೋಡಿದ ಪ್ರೊಫೆಸರರು, ಬೈಗುಳ ತಿಂದೂ ತಿರುಗಿ ಬೈಯದ ಆ ಹುಡುಗ. ನಮ್ಮವರ ಬಾಯಿಂದ ತಪ್ಪಾಯಿತು ಎಂಬ ಮಾತು ಹೊರಡಿಸಿದ್ದು ಅವನೊಬ್ಬನೇ. ಆಮೇಲೆ ಆ ಮಾತು ಅವರಿಗೆ ಸ್ವಲ್ಪ ರೂಢಿಯೂ ಆಯಿತು. ಸಾರಿಗೆ ಉಪ್ಪು ಕಡಿಮೆ ಎಂದು ಗೊಣಗಿ, ರುಚಿ ನೋಡಿ, "ನಂದ ತಪ್ಪು, ಸರಿ ಐತಿ" ಎನ್ನುವಷ್ಟು.

ಮೊಣಕಾಲು ಹಿಡಿದುಕೊಂಡ ವರ್ಷ ಅವರೇ ಹೋಗಿ, ಮುಂದಿನ ಕಾಗದ ಬೇಡ ಎಂದು ಹೇಳಿ ಬಂದರು. ಪ್ರೊಫೆಸರರು ಇನ್ನೊಂದು ವರ್ಷ ಕೂತುಕೊಂಡೇ ಕಲಿಸಿ ಎಂದರಂತೆ. "ಒದ್ದು ತೋರಿಸಾಕ ಆಗದಾಂವ ಏನ ಕಲಸ್ತಾನ್ರಿ" ಎಂದು ಇವರು ಒಪ್ಪಲಿಲ್ಲ. ಡೊಂಬಿವಲಿಯಲ್ಲಿ ಮಗಳ ಮನೆಯ ಹತ್ತಿರ ಒಂದು ಖೋಲಿ ನೋಡಿದ್ದೆವು. ಟೆಂಪೋ ತರಿಸಿ, ಹಂಡೆ, ಹಾಸಿಗೆ, ಟ್ರಂಕು ಹೇರಿಸಿದೆ. ಹುಡುಗರು ಬಂದು ಕೈ ಹಚ್ಚಿದರು. ಖೋಲಿ ಗುಡಿಸಿ, ನಲ್ಲಿ ಬಿಗಿ ಮಾಡಿ, ಬೀಗ ಹಾಕಿ, ಕೀಲಿಕೈ ಆಫೀಸಿಗೆ ನಾನೇ ಹೋಗಿ ಕೊಟ್ಟೆ. ಖಾಲಿ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಅಲ್ಲಿದ್ದ ಗುಮಾಸ್ತ, "ಇಷ್ಟ್ಯಾಕ ಅವಸರ ಅಜ್ಜಿ, ಇನ್ನೊಂದು ತಿಂಗಳು ಇರಬಹುದಲ್ಲ?" ಎಂದ. ಇರಬಹುದಿತ್ತು. ಆದರೆ ರೂಮು ಬಿಡಬೇಕಾಗುತ್ತೆ ಎಂಬ ಮಾತು ಒಮ್ಮೆ ಕೇಳಿದ್ದೆ, ಇನ್ನೊಮ್ಮೆ ಕೇಳುವ ಮೊದಲೇ ಹೊರಡಬೇಕೆಂದಿದ್ದೆ. ಟೆಂಪೋದವನು ಕಾಯುತ್ತಿದ್ದಾನೆ ಎಂದು ಹೇಳಿ ಹೊರಟುಬಂದೆ.